ಬಳ್ಳಿಗೆ ಚಲನೆ, ದೇಹಕ್ಕೆ ನಿಶ್ಚಲತೆ

ಸುಮ್ಮನೆ ನಿಂತವನೊಬ್ಬನ ಕಥೆಯನ್ನು ಕಲ್ಲಿನಲ್ಲಿ ಹೇಳುವುದು ಹೇಗೆ? ಬಾದಾಮಿಯ ಗುಹೆಯಿಂದ ಧರ್ಮಸ್ಥಳದ ಬೆಟ್ಟದವರೆಗೆ ಕನ್ನಡ ನಾಡಿನ ರೂವಾರಿಗಳು ಶತಮಾನಗಳ ಕಾಲ ಈ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. ಆ ಉತ್ತರಗಳನ್ನು ಓದಲು ಕಲಿತರೆ ಬಾಹುಬಲಿ ಬೇರೆಯೇ ರೀತಿಯಲ್ಲಿ ಕಾಣಿಸುತ್ತಾನೆ.

ಯುದ್ಧವನ್ನು ಕೆತ್ತುವ ಶಿಲ್ಪಿಗೆ ಕಥೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಎತ್ತಿದ ಕೈ, ಬಾಗಿದ ಬಿಲ್ಲು, ಮಗ್ಗುಲಾದ ಆನೆ ಇದ್ದರೆ ಸಾಕು, ಏನು ನಡೆಯುತ್ತಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ. ಹಳೇಬೀಡಿನ ಗೋಡೆಗಳ ಮೇಲೆ ರಾಮಾಯಣ, ಮಹಾಭಾರತಗಳು ಹೀಗೆಯೇ ಸಾಗುತ್ತವೆ. ಆದರೆ ಏನನ್ನೂ ಮಾಡದೆ ನಿಂತವನ ಕಥೆಯನ್ನು ಕೆತ್ತುವವನಿಗೆ ಈ ಅನುಕೂಲ ಯಾವುದೂ ಇಲ್ಲ. ಅವನ ನಾಯಕ ಕೈ ಎತ್ತುವುದಿಲ್ಲ, ಹೆಜ್ಜೆ ಇಡುವುದಿಲ್ಲ, ಯಾರನ್ನೂ ನೋಡುವುದಿಲ್ಲ, ಮೈಮೇಲೆ ಒಂದು ಎಳೆ ಬಟ್ಟೆಯೂ ಇಲ್ಲ. ಇಂಥವನ ಬಗ್ಗೆ ಕಲ್ಲು ಏನು ಹೇಳಬಲ್ಲುದು?

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ನಿಂತಿರುವ ಗೊಮ್ಮಟ ಈ ಪ್ರಶ್ನೆಗೆ ಸಿಕ್ಕ ಅತ್ಯಂತ ಧೀರ ಉತ್ತರ. ನಾವು ಅದರ ಎತ್ತರವನ್ನು ಹೊಗಳುತ್ತೇವೆ, ಏಕಶಿಲೆ ಎಂದು ಬೆರಗಾಗುತ್ತೇವೆ, ಕೈಮುಗಿದು ಇಳಿದು ಬರುತ್ತೇವೆ. ಎತ್ತರವಾದರೂ ಏಕಶಿಲೆಯಾದರೂ ಅಲ್ಲಿ ಒಂದು ಅರ್ಥವನ್ನು ಹೊತ್ತು ನಿಂತಿವೆ. ಯಾವುದನ್ನು ಎಲ್ಲಿಡಬೇಕು, ಯಾವುದನ್ನು ಬಿಡಬೇಕು, ಯಾವುದು ಚಲಿಸಬೇಕು, ಯಾವುದು ಕದಲಬಾರದು ಎಂದು ಒಬ್ಬ ಕಲಾವಿದ ಕೂತು ಯೋಚಿಸಿದ್ದರ ಫಲ ಅದು. ಭಕ್ತಿಯಿಂದ ನೋಡುವವರಿಗೂ ಕುತೂಹಲದಿಂದ ನೋಡುವವರಿಗೂ ಆ ಯೋಚನೆ ತೆರೆದುಕೊಳ್ಳಬೇಕು ಎಂಬುದೇ ಈ ಬರಹದ ಆಸೆ.

ಆರಿಸಿಕೊಂಡ ಗಳಿಗೆ

ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಆದಿತೀರ್ಥಂಕರ ಋಷಭನ ಮಕ್ಕಳು ಭರತ ಮತ್ತು ಬಾಹುಬಲಿ. ದಿಗ್ವಿಜಯ ಮುಗಿಸಿ ಬಂದ ಭರತನಿಗೆ ತಮ್ಮ ತಲೆಬಾಗಲಿಲ್ಲ. ಎರಡು ಸೇನೆಗಳ ರಕ್ತ ಹರಿಸುವುದು ಬೇಡವೆಂದು ಮಂತ್ರಿಗಳು ಅಣ್ಣತಮ್ಮಂದಿರ ನಡುವೆಯೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದರು. ಮೂರರಲ್ಲೂ ಬಾಹುಬಲಿ ಗೆದ್ದ. ಸೋಲಿನ ಸಿಟ್ಟಿನಲ್ಲಿ ಭರತ ಬಿಟ್ಟ ಚಕ್ರವೂ ಅವನನ್ನು ಕೊಲ್ಲಲಿಲ್ಲ. ರಾಜ್ಯದ ಆಸೆ ಅಣ್ಣನನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ಕಂಡ ಬಾಹುಬಲಿ ಗೆದ್ದದ್ದನ್ನೆಲ್ಲ ಅವನಿಗೇ ಬಿಟ್ಟು ಕಾಡಿಗೆ ಹೋಗಿ ಒಂದು ವರ್ಷ ಕದಲದೆ ನಿಂತ. ಪಂಪ ಕ್ರಿ.ಶ. 941ರಲ್ಲಿ ಮುಗಿಸಿದ ‘ಆದಿಪುರಾಣ’ದಿಂದ ಈ ಕಥೆ ಕನ್ನಡದ ಸ್ವತ್ತೇ ಆಗಿತ್ತು. ಸುಮಾರು 40 ವರ್ಷಗಳ ಬಳಿಕ, 981ರ ಸುಮಾರಿಗೆ, ಗಂಗರ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯ ಈ ಮೂರ್ತಿಯನ್ನು ಮಾಡಿಸಿದ. ಅವನು ಸ್ವತಃ ಕನ್ನಡದಲ್ಲಿ ‘ಚಾವುಂಡರಾಯ ಪುರಾಣ’ವೆಂಬ ಗದ್ಯಕೃತಿ ಬರೆದವನು. ಕಥೆಯ ಒಳಹೊರಗು ಬಲ್ಲವನು, ರಣರಂಗವನ್ನು ಕಣ್ಣಾರೆ ಕಂಡವನು.

ಯೋಧನೊಬ್ಬ ಮಾಡಿಸಿದ ಮೂರ್ತಿಯಲ್ಲಿ ಯುದ್ಧವೇ ಇಲ್ಲ ಎಂಬುದು ಗಮನಿಸಬೇಕಾದ ಮೊದಲ ಸಂಗತಿ. ಕಥೆಯಲ್ಲಿ ಕಣ್ಣಿಗೆ ಕಟ್ಟುವಂಥ ಗಳಿಗೆಗಳಿಗೆ ಬರವಿರಲಿಲ್ಲ. ಅಣ್ಣನನ್ನು ಮಲ್ಲಯುದ್ಧದಲ್ಲಿ ಮೇಲೆತ್ತಿ ಹಿಡಿದ ಗಳಿಗೆಯಿತ್ತು, ಚಕ್ರ ಹತ್ತಿರ ಬಂದು ನಿಂತ ಗಳಿಗೆಯಿತ್ತು. ಶಿಲ್ಪಿ ಅವೆಲ್ಲವನ್ನೂ ಬದಿಗಿಟ್ಟು ಏನೂ ನಡೆಯದ ಆ ಒಂದು ವರ್ಷವನ್ನು ಆರಿಸಿಕೊಂಡ. ಆ ಆಯ್ಕೆಯೊಂದಿಗೇ ಅವನ ನಿಜವಾದ ಕಷ್ಟ ಶುರುವಾಯಿತು. ಗಳಿಗೆಯೊಂದನ್ನು ಕಲ್ಲಿನಲ್ಲಿ ಹಿಡಿಯಬಹುದು. ವರ್ಷವೊಂದನ್ನು ಹಿಡಿಯುವುದು ಹೇಗೆ?

ಹುತ್ತ, ಹಾವು, ಬಳ್ಳಿ

ಇದಕ್ಕೆ ಭಾರತೀಯ ಶಿಲ್ಪ ಕಂಡುಕೊಂಡ ಉಪಾಯ ಬಹಳ ಸರಳ. ಕಾಲ ಎಷ್ಟು ಕಳೆಯಿತು ಎಂದು ಹೇಳುವ ಕೆಲಸವನ್ನು ನಾಯಕನಿಂದ ತೆಗೆದು ಅವನ ಸುತ್ತಲಿನ ಜೀವಗಳಿಗೆ ಕೊಟ್ಟುಬಿಡುವುದು. ಗೆದ್ದಲು ಹುತ್ತ ಕಟ್ಟಬೇಕಾದರೆ ದಿನಗಳು ಬೇಕು. ಹುತ್ತದಲ್ಲಿ ಹಾವು ಸೇರಬೇಕಾದರೆ ಅಲ್ಲಿ ಯಾರೂ ಅಲುಗಾಡಬಾರದು. ಬಳ್ಳಿಯೊಂದು ಕಾಲು ಸುತ್ತಿ, ತೊಡೆ ಹತ್ತಿ, ತೋಳಿನವರೆಗೆ ಹಬ್ಬಬೇಕಾದರೆ ಒಂದು ಮಳೆಗಾಲವಾದರೂ ದಾಟಬೇಕು. ಪಂಚಾಂಗವಿಲ್ಲದೆ, ಬರಹವಿಲ್ಲದೆ, ಹಳ್ಳಿಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಈ ಲೆಕ್ಕ ತಾನಾಗಿ ಸಿಗುತ್ತದೆ.

ದೊಡ್ಡಬೆಟ್ಟದ ಮೂರ್ತಿಯಲ್ಲಿ ಈ ಮೂರನ್ನೂ ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ನೋಡಿಕೊಂಡು ಬನ್ನಿ. ಪಾದಗಳು ಅರಳಿದ ತಾವರೆಯ ಮೇಲೆ ಊರಿವೆ. ಕಾಲುಗಳ ಎರಡೂ ಬದಿಗೆ ಹುತ್ತಗಳು ಏರಿವೆ. ಅವುಗಳ ಬಿಲಗಳಿಂದ ಹಾವುಗಳು ಹೆಡೆ ಹೊರಹಾಕಿವೆ. ಅಲ್ಲಿಂದಲೇ ಮಾಧವಿ ಬಳ್ಳಿ ಹೊರಟು ಕಾಲನ್ನು ಬಳಸಿ, ತೊಡೆಯನ್ನು ಸುತ್ತಿ, ತೋಳುಗಳಿಗೆ ದಾಟಿ ಮೇಲಕ್ಕೇರುತ್ತದೆ. ಹುತ್ತದ ಮೈ ಒರಟು. ಬಾಹುಬಲಿಯ ಮೈ ನುಣುಪು. ಬಳ್ಳಿ ಇವೆರಡನ್ನೂ ಬೆಸೆಯುವ ಗೆರೆ. ಅದು ಅವನ ಚರ್ಮವನ್ನು ಒತ್ತುವುದಿಲ್ಲ, ಬಿಗಿಯುವುದಿಲ್ಲ, ಮುಚ್ಚುವುದೂ ಇಲ್ಲ. ಹಗ್ಗದ ಹಾಗೆ ಕಟ್ಟಿಹಾಕಿದ್ದರೆ ಅರ್ಥವೇ ಕೆಟ್ಟುಹೋಗುತ್ತಿತ್ತು. ಅವನು ಕಟ್ಟಿಗೆ ಸಿಕ್ಕವನಲ್ಲ, ತಾನಾಗಿ ನಿಂತವನು.

ಇನ್ನೂ ಒಂದು ಸೂಕ್ಷ್ಮವಿದೆ. ಬಳ್ಳಿ ಕೊನೆಗೆ ಹೋಗಿ ಮುಗಿಯುವುದು ತೋಳಿನ ಮೇಲ್ಭಾಗದಲ್ಲಿ, ಅರಸನಾದವನು ತೋಳುಬಂದಿ ತೊಡುವ ಜಾಗದಲ್ಲಿ. ಒಡವೆಗಳನ್ನೆಲ್ಲ ಕಳಚಿದ ರಾಜಕುಮಾರನಿಗೆ ಕಾಡೇ ಒಂದು ಒಡವೆ ತೊಡಿಸಿದಂತೆ ನನಗೆ ಅದು ಕಾಣಿಸುತ್ತದೆ. ಶಿಲ್ಪಿ ಹಾಗೆಂದುಕೊಂಡೇ ಕೆತ್ತಿದನೋ ಏನೋ, ಆದರೆ ಒಳ್ಳೆಯ ವಿನ್ಯಾಸದ ಗುಣವೇ ಅದು. ಒಂದು ಸಂಕೇತವನ್ನು ಸರಿಯಾದ ಜಾಗದಲ್ಲಿಟ್ಟರೆ ಅದು ಎರಡನೆಯ ಅರ್ಥಕ್ಕೂ ಬಾಗಿಲು ತೆರೆದಿಡುತ್ತದೆ.

ಹುತ್ತದ ವಿಷಯವಂತೂ ಇನ್ನೂ ಅದ್ಭುತ. ಸುಮಾರು 58 ಅಡಿ ಎತ್ತರದ ಈ ಮೂರ್ತಿಗೆ ತೊಡೆಯಿಂದ ಮೇಲೆ ಹಿಂದೆ ಮುಂದೆ ಯಾವ ಆಸರೆಯೂ ಇಲ್ಲ. ಈಜಿಪ್ಟಿನ ಅಬು ಸಿಂಬೆಲ್‌ನಲ್ಲಿ ಕುಳಿತಿರುವ ರಾಮ್ಸೆಸ್‌ನ ಮಹಾಮೂರ್ತಿಗಳು ಬೆಟ್ಟದ ಗೋಡೆಗೆ ಬೆನ್ನುಕೊಟ್ಟಿವೆ. ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ 2001ರಲ್ಲಿ ನಾಶವಾದ ಬುದ್ಧರೂ ಬಂಡೆಯ ಗೂಡಿನೊಳಗೆ ನಿಂತಿದ್ದವರು. ಗೊಮ್ಮಟನ ಎದೆ, ಬೆನ್ನು, ತಲೆಗಳು ಬಯಲಲ್ಲಿವೆ. ಹಾಗಿದ್ದರೆ ಅಷ್ಟು ಭಾರವನ್ನು ಎರಡು ಕಾಲುಗಳೇ ಹೊರಬೇಕಲ್ಲ? ಕಾಲುಗಳ ಸುತ್ತ ಬಂಡೆಯನ್ನು ದಪ್ಪಗೆ ಉಳಿಸಿಕೊಳ್ಳದೆ ಗತ್ಯಂತರವಿಲ್ಲ. ಆ ಅನಿವಾರ್ಯ ಕಲ್ಲನ್ನೇ ಶಿಲ್ಪಿ ಹುತ್ತವಾಗಿಸಿದ. ಕಥೆ ಕೇಳುವ ಸಂಕೇತ, ತೂಕ ಕೇಳುವ ಆಸರೆ ಎರಡೂ ಒಂದೇ ಕಲ್ಲಿನಲ್ಲಿ ಸೇರಿದವು. ಅರ್ಥವನ್ನು ಹೊರುವುದೂ ಭಾರವನ್ನು ಹೊರುವುದೂ ಒಂದೇ ಕೆಲಸವಾದ ಇಂಥ ಉದಾಹರಣೆ ನಮ್ಮ ಶಿಲ್ಪಕಲೆಯಲ್ಲಿ ಅಪರೂಪ.

ಬಾದಾಮಿಯ ಎದುರುಬದುರು

ಈ ಸಂಕೇತಗಳು ಶ್ರವಣಬೆಳಗೊಳದಲ್ಲಿ ಹುಟ್ಟಿದವಲ್ಲ. ಅದಕ್ಕಿಂತ ಸುಮಾರು ಮೂರು ಶತಮಾನ ಹಿಂದೆಯೇ ಚಾಲುಕ್ಯರ ನಾಡಿನಲ್ಲಿ, ಬಾದಾಮಿಯ ನಾಲ್ಕನೆಯ ಗುಹೆಯಲ್ಲೂ ಐಹೊಳೆಯ ಜೈನ ಗುಹೆಯಲ್ಲೂ ಬಾಹುಬಲಿ ನಿಂತಿದ್ದಾನೆ. ಅಲ್ಲಿನ ಮೂರ್ತಿಗಳು ಗೋಡೆಯಿಂದ ಹೊರಮೂಡಿದ ಉಬ್ಬುಶಿಲ್ಪಗಳು. ಬಳ್ಳಿಯಿದೆ, ಹುತ್ತದ ಹಾವುಗಳಿವೆ, ಜೊತೆಗೆ ಅಕ್ಕಪಕ್ಕದಲ್ಲಿ ಇಬ್ಬರು ಹೆಂಗಸರೂ ಇದ್ದಾರೆ. ಮುನಿಯ ಮೈಗೆ ಹಬ್ಬಿದ ಬಳ್ಳಿಯನ್ನು ಬಿಡಿಸಲು ಬಂದ ವಿದ್ಯಾಧರಿಯರ ಕಥೆ ಜೈನ ಪುರಾಣಗಳಲ್ಲಿದೆ.

ಬಾದಾಮಿಯ ಗುಹೆಯಲ್ಲಿ ಮೊಗಸಾಲೆಯ ಒಂದು ತುದಿಗೆ ಬಾಹುಬಲಿ, ಇನ್ನೊಂದು ತುದಿಗೆ ತೀರ್ಥಂಕರ ಪಾರ್ಶ್ವನಾಥ. ಇಬ್ಬರೂ ಎದುರುಬದುರು. ಈ ಜೋಡಿ ಐಹೊಳೆಯಲ್ಲೂ ಎಲ್ಲೋರದಲ್ಲೂ ಮತ್ತೆ ಕಾಣಿಸುತ್ತದೆ, ಹಾಗಾಗಿ ಇದು ಆಕಸ್ಮಿಕವಲ್ಲ. ಪಾರ್ಶ್ವನಾಥನ ತಪಸ್ಸಿಗೆ ಹಗೆಯೊಬ್ಬ ಬಿರುಗಾಳಿ, ಮಳೆ, ಬಂಡೆಗಳಿಂದ ಅಡ್ಡಿ ಮಾಡುತ್ತಾನೆ. ನಾಗರಾಜ ಧರಣೇಂದ್ರ ಹೆಡೆಬಿಚ್ಚಿ ನೆತ್ತಿಯ ಮೇಲೆ ನೆರಳು ಹಿಡಿಯುತ್ತಾನೆ. ಬಾಹುಬಲಿಯ ತಪಸ್ಸಿಗೆ ಯಾರ ಅಡ್ಡಿಯೂ ಇಲ್ಲ, ಕಾಡು ಮೌನವಾಗಿ ಅವನ ಮೇಲೆ ಬೆಳೆಯುತ್ತದೆ. ಒಬ್ಬನನ್ನು ಗದ್ದಲ ಪರೀಕ್ಷಿಸಿತು, ಇನ್ನೊಬ್ಬನನ್ನು ಮೌನ ಪರೀಕ್ಷಿಸಿತು. ಎರಡನ್ನೂ ಎದುರುಬದುರು ನಿಲ್ಲಿಸಿದಾಗ ನಡುವೆ ನಿಂತವನಿಗೆ ಹೋಲಿಕೆ ತಾನಾಗಿ ಹೊಳೆಯುತ್ತದೆ.

ಇಲ್ಲಿ ಹಾವನ್ನು ಸ್ವಲ್ಪ ಗಮನಿಸಿ. ಪಾರ್ಶ್ವನಾಥನಿಗೆ ಅದು ತಲೆಯ ಮೇಲೆ, ಬಾಹುಬಲಿಗೆ ಕಾಲ ಬಳಿ. ಮೇಲಿದ್ದಾಗ ಅದು ರಕ್ಷಣೆ. ಕೆಳಗಿದ್ದಾಗ ಅದು ಕಾಲದ ಗುರುತು, ಜೊತೆಗೆ ಭಯವಿಲ್ಲ ಎಂಬುದರ ಗುರುತು. ಹಾವಿನ ರೂಪ ಬದಲಾಗಲಿಲ್ಲ, ಜಾಗ ಬದಲಾಯಿತು, ಅದರೊಂದಿಗೆ ಅರ್ಥವೂ ಬದಲಾಯಿತು. ‘ಹಾವು ಎಂದರೆ ಇಂಥದ್ದು, ತಾವರೆ ಎಂದರೆ ಇಂಥದ್ದು’ ಎಂದು ಸಂಕೇತಗಳ ಪಟ್ಟಿ ಬಾಯಿಪಾಠ ಮಾಡಿಕೊಂಡು ಶಿಲ್ಪ ನೋಡಲು ಹೋಗುವವರು ಎಡವುವುದು ಇಲ್ಲೇ. ಸಂಕೇತಕ್ಕೆ ಅರ್ಥ ಬರುವುದು ಅದು ಯಾವುದರ ಪಕ್ಕದಲ್ಲಿ, ಯಾವುದರ ಮೇಲೆ, ಯಾವುದರ ಕೆಳಗೆ ಇದೆ ಎಂಬುದರಿಂದ.

ತೀರ್ಥಂಕರರ ಮೂರ್ತಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಎತ್ತಿದ್ದರೆ ಋಷಭ, ಸಿಂಹವಿದ್ದರೆ ಮಹಾವೀರ ಎಂದು ಪೀಠದ ಲಾಂಛನ ನೋಡಿಯೇ ಗುರುತಿಸಬೇಕು. ಬಾಹುಬಲಿ ತೀರ್ಥಂಕರನಲ್ಲ, ಆದ್ದರಿಂದ ಅವನಿಗೆ ಅಂಥ ಲಾಂಛನವೂ ಇಲ್ಲ. ಅವನ ಗುರುತು ಪೀಠದಿಂದ ಎದ್ದು ಮೈಮೇಲೇ ಹಬ್ಬಿದೆ. ಬಳ್ಳಿಯೇ ಅವನ ಹೆಸರು.

26 ಅಡಿ ಭುಜ, 10 ಅಡಿ ಸೊಂಟ

ಬಾದಾಮಿಯಲ್ಲಿದ್ದ ಹೆಂಗಸರು ದೊಡ್ಡಬೆಟ್ಟದ ಮೇಲೆ ಕಾಣುವುದಿಲ್ಲ. ಕಾಲ ಬಳಿ ಚಾಮರ ಹಿಡಿದ ಯಕ್ಷ, ಯಕ್ಷಿಯರಿದ್ದಾರೆ, ಆದರೆ ಅವರಿರುವುದು ಪಕ್ಕದಲ್ಲಿ, ಬೇರೆಯಾಗಿ. ಮುಖ್ಯ ಮೂರ್ತಿಯನ್ನು ಮುಟ್ಟುವ ಕೈ ಒಂದೂ ಇಲ್ಲ. ಗುಹೆಯ ಗೋಡೆಯೂ ಹೋಯಿತು, ಛಾವಣಿಯೂ ಹೋಯಿತು. ಹಿಂದಿನವರು ಇಟ್ಟಿದ್ದನ್ನು ಒಂದೊಂದಾಗಿ ತೆಗೆಯುತ್ತ ಹೋಗಿ, ಉಳಿದದ್ದನ್ನು ಬೃಹತ್ತಾಗಿಸಿದ್ದು ಗಂಗರ ಕಾಲದ ಶಿಲ್ಪಿಯ ನಡೆ. ಅರಿಷ್ಟನೇಮಿ ಎಂಬ ಹೆಸರನ್ನು ಪರಂಪರೆ ಹೇಳುತ್ತದೆ. ಹೆಸರು ಯಾವುದಾದರೂ ಇರಲಿ, ಬಿಡುವುದನ್ನು ಕುರಿತ ಕಥೆಗೆ ಬಿಡುವುದನ್ನೇ ವಿನ್ಯಾಸದ ಸೂತ್ರವಾಗಿಸಿದ ಬುದ್ಧಿ ಅದು.

ಕಲ್ಲಿನ ಗುಣವೂ ಇದಕ್ಕೆ ಒಪ್ಪುವಂತಿತ್ತು. ಹೊಯ್ಸಳ ಶಿಲ್ಪಿಗಳಿಗೆ ಬಳಪದ ಕಲ್ಲು ಸಿಕ್ಕಿತು. ಅದು ಮೆದು, ಉಳಿಗೆ ಸುಲಭವಾಗಿ ಒಗ್ಗುತ್ತದೆ, ಸರದ ಮಣಿಮಣಿಯನ್ನೂ ಬಿಡಿಸಿ ತೋರಿಸುತ್ತದೆ. ದೊಡ್ಡಬೆಟ್ಟ ಗಟ್ಟಿ ಗ್ರಾನೈಟ್. ಅದರಲ್ಲಿ ನವುರಾದ ಕುಸುರಿಗೆ ಹೊರಟರೆ ಕೈ ಸೋಲುತ್ತದೆ. ದೊಡ್ಡ ಮೇಲ್ಮೈಗಳು, ನಿಧಾನವಾಗಿ ತಿರುಗುವ ಅಂಚುಗಳು, ನಯವಾದ ಉಬ್ಬುತಗ್ಗು ಅದಕ್ಕೆ ಹೊಂದುತ್ತವೆ. ಒಡವೆ ಬಟ್ಟೆಗಳಿಲ್ಲದ ದಿಗಂಬರ ಮುನಿಗೆ ಅದಕ್ಕಿಂತ ತಕ್ಕ ಕಲ್ಲು ಬೇರೆ ಬೇಕಿರಲಿಲ್ಲ.

ಇನ್ನು ಅಳತೆ. 19ನೇ ಶತಮಾನದಲ್ಲಿ ಅಟ್ಟಣಿಗೆ ಕಟ್ಟಿ ಅಳೆದಾಗ ಸಿಕ್ಕ ಅಂಕಿಗಳ ಪ್ರಕಾರ ಭುಜಗಳ ಅಗಲ 26 ಅಡಿ, ಸೊಂಟದ ಅಗಲ 10 ಅಡಿ, ಪಾದದ ಉದ್ದ 9 ಅಡಿ, ನಡುಬೆರಳು 5 ಅಡಿ 3 ಅಂಗುಲ. ಭುಜ ಸೊಂಟದ ಎರಡೂವರೆ ಪಟ್ಟು. ಸಾಮಾನ್ಯ ಮನುಷ್ಯನ ಮೈಯಲ್ಲಿ ಇಂಥ ಪ್ರಮಾಣ ಇರುವುದಿಲ್ಲ. ಮೊಣಕಾಲಿನಿಂದ ಕೆಳಭಾಗ ಉಳಿದದ್ದಕ್ಕೆ ಹೋಲಿಸಿದರೆ ಸ್ವಲ್ಪ ಗಿಡ್ಡವೆಂದು ವಿದ್ವಾಂಸರು ಹಿಂದಿನಿಂದಲೂ ಗುರುತಿಸಿದ್ದಾರೆ. ಇವನ್ನು ದೋಷವೆಂದು ಎಣಿಸುವವರು ಎಣಿಸಲಿ. ಕಾಲ ಬುಡದಲ್ಲಿ ನಿಂತು ಮೇಲಕ್ಕೆ ನೋಡುವವನ ಕಣ್ಣಿಗೆ ಏನಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಳಗಿನಿಂದ ನೋಡಿದಾಗ ಯಾವುದೇ ಎತ್ತರದ ರೂಪ ಮೇಲೆ ಹೋಗುತ್ತ ಕಿರಿದಾಗುತ್ತದೆ. ಅಗಲವಾದ ಭುಜ ಆ ಕುಗ್ಗುವಿಕೆಯನ್ನು ತಡೆದು, ಎದೆ ಮುಖಗಳು ನಮ್ಮ ಮೇಲೆ ಹರಡಿಕೊಂಡು ನಿಲ್ಲುವಂತೆ ಮಾಡುತ್ತದೆ. ತೋಳಿಗೂ ಸೊಂಟಕ್ಕೂ ನಡುವೆ ಬಿಟ್ಟ ಸಂದಿನಲ್ಲಿ ಆಕಾಶ ಕಾಣುತ್ತದೆ. ಆ ಸಂದು ಇಲ್ಲದಿದ್ದರೆ ಇದು ಕಂಬವಾಗುತ್ತಿತ್ತು, ಸಂದು ಇರುವುದರಿಂದ ಉಸಿರಾಡುವ ದೇಹವಾಗಿದೆ.

ಮೂರ್ತಿ ಸಮಪಾದದಲ್ಲಿ, ದೇಹದ ಮೋಹ ಬಿಟ್ಟು ನಿಲ್ಲುವ ಕಾಯೋತ್ಸರ್ಗದ ನಿಲುವಿನಲ್ಲಿದೆ. ಎಡಬಲಗಳು ಒಂದಕ್ಕೊಂದು ಕನ್ನಡಿ. ನಮ್ಮ ದೇವತಾಮೂರ್ತಿಗಳಲ್ಲಿ ಮೈ ಮೂರು ಕಡೆ ಬಾಗಿ ಲಾಸ್ಯ ತುಂಬಿಕೊಂಡಿರುವುದನ್ನು ಕಂಡಿದ್ದೇವೆ. ಆ ಬಾಗುವಿಕೆಯಲ್ಲಿ ಒಂದು ಕಾಲಿಗೆ ಭಾರ, ಇನ್ನೊಂದಕ್ಕೆ ವಿಶ್ರಾಂತಿ. ಮುಂದಿನ ಗಳಿಗೆಯಲ್ಲಿ ಅದು ಬದಲಾಗಬಹುದು ಎಂಬ ಸೂಚನೆ ಅಲ್ಲಿರುತ್ತದೆ. ಗೊಮ್ಮಟನಲ್ಲಿ ಭಾರ ಎರಡೂ ಕಾಲಿಗೆ ಸಮ, ಆದ್ದರಿಂದ ‘ಮುಂದಿನ ಗಳಿಗೆ’ ಎಂಬುದೇ ಇಲ್ಲ. ಬಳ್ಳಿಯ ಸುರುಳಿ, ಹಾವಿನ ತಿರುವು, ತಲೆಗೂದಲಿನ ಸುಳಿಸುಳಿಯ ಸಾಲುಗಳು ಮಾತ್ರ ಬಳುಕುವ ಗೆರೆಗಳು. ಅವೆಲ್ಲ ಸುತ್ತಲೂ ಬಳುಕುತ್ತಿರುವುದರಿಂದಲೇ ನಡುವಿನ ದೇಹ ಅಷ್ಟು ನೆಟ್ಟಗೆ ಕಾಣುತ್ತದೆ. ಎಲ್ಲ ಚಲನೆಯನ್ನು ಬಳ್ಳಿಗೆ ಕೊಟ್ಟು ಎಲ್ಲ ನಿಶ್ಚಲತೆಯನ್ನು ದೇಹಕ್ಕೆ ಉಳಿಸಿಕೊಂಡ ಈ ಹಂಚಿಕೆಯೇ ಇಡೀ ಮೂರ್ತಿಯ ಜೀವಾಳ.

ಮುಖಕ್ಕೆ ಬಿದ್ದ ಬೆಳಕೂ ಈ ಹಂಚಿಕೆಯಲ್ಲಿ ಭಾಗಿ. ಮೂರ್ತಿ ಉತ್ತರಕ್ಕೆ ಮುಖಮಾಡಿದೆ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗಿನ ದಿನಗಳನ್ನು ಬಿಟ್ಟರೆ ನಡುಹಗಲ ಸೂರ್ಯ ಅದರ ಬೆನ್ನ ಕಡೆಗೇ ಇರುತ್ತಾನೆ. ಹಾಗಾಗಿ ಉಚ್ಚ ಬಿಸಿಲಿನ ಗಡುಸು ನೆರಳುಗಳು ಮುಖವನ್ನು ಕತ್ತರಿಸುವುದು ಕಡಿಮೆ. ಅರೆತೆರೆದ ಕಣ್ಣು, ಮುಚ್ಚಿದ ತುಟಿಯ ಅಂಚಿನಲ್ಲಿರುವ ಇದೆಯೋ ಇಲ್ಲವೋ ಎನ್ನುವಂಥ ನಗೆ ಎರಡೂ ಆ ಸೌಮ್ಯ ಬೆಳಕಿನಲ್ಲಿ ಅಸ್ಪಷ್ಟವಾಗಿಯೇ ಉಳಿಯುತ್ತವೆ.

ಹತ್ತುವ ದಾರಿಯೂ ವಿನ್ಯಾಸವೇ

ಶ್ರವಣಬೆಳಗೊಳಕ್ಕೆ ಬರುವ ರಸ್ತೆಯಲ್ಲಿ ಮೈಲಿಗಟ್ಟಲೆ ದೂರದಿಂದಲೇ ಬೆಟ್ಟದ ನೆತ್ತಿಯ ಮೇಲೆ ಗೊಮ್ಮಟನ ತಲೆ, ಭುಜ ಕಾಣುತ್ತವೆ. ಊರು ಸೇರಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತತೊಡಗಿದರೆ ಅವನು ಮರೆಯಾಗುತ್ತಾನೆ. ಒಂದೇ ಬಂಡೆಯಲ್ಲಿ ಕೊರೆದ, ಮೇಲೆ ಗಜಲಕ್ಷ್ಮಿಯಿರುವ ಅಖಂಡ ಬಾಗಿಲನ್ನು ದಾಟಿ, ಇನ್ನಷ್ಟು ಹತ್ತಿ, ಕೊನೆಯ ಬಾಗಿಲಿನೊಳಗೆ ಕಾಲಿಟ್ಟಾಗ ಮೊದಲು ಎದುರಾಗುವುದು ಪಾದ. ದೂರದಿಂದ ಕಂಡ ಮುಖವನ್ನು ಮತ್ತೆ ಕಾಣಬೇಕಾದರೆ ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸಬೇಕು.

ಈ ಅನುಭವದ ಒಂದು ಭಾಗ ಮೂಲ ಶಿಲ್ಪಿಯದಲ್ಲ. ಮೂರ್ತಿಯ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಎಂದು ಪಾದದ ಬಳಿಯ ಶಾಸನವೇ ಹೇಳುತ್ತದೆ. ಅದು 12ನೇ ಶತಮಾನದ ಕೆಲಸ. ಅದಕ್ಕೂ ಮೊದಲು ಬಯಲು ಬಂಡೆಯ ಮೇಲೆ ಅಡಿಯಿಂದ ಮುಡಿಯವರೆಗೆ ಒಮ್ಮೆಗೇ ಕಾಣುತ್ತಿದ್ದ ರೂಪ, ಸುತ್ತಾಲಯ ಬಂದ ಮೇಲೆ ಎರಡಾಗಿ ಹಂಚಿಹೋಯಿತು. ಹೊರಗಿನವರಿಗೆ ಗೋಡೆಯ ಮೇಲೆ ಎದ್ದ ಎದೆ ಮತ್ತು ಮುಖ, ಒಳಗಿನವರಿಗೆ ಕಾಲಬುಡದಿಂದ ಮೇಲೇರುವ ಬಳ್ಳಿ. ಕಲಾಕೃತಿಯ ಅರ್ಥವನ್ನು ಅದರ ನಂತರ ಬಂದವರೂ ತಿದ್ದುತ್ತಾರೆ, ಬೆಳೆಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ಆವರಣದ ಬಾಗಿಲ ಹೊರಗೆ, ಮಹಾಮೂರ್ತಿಗೆ ಎದುರಾಗಿ, ಗುಳ್ಳಕಾಯಜ್ಜಿಯ ಪುಟ್ಟ ಮೂರ್ತಿ ಇದೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದ ತಲುಪಲಿಲ್ಲವೆಂದೂ, ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಇಡೀ ಮೈ ತೋಯಿಸಿತೆಂದೂ ಐತಿಹ್ಯ. ಗಾತ್ರವೇ ದೊಡ್ಡಸ್ತಿಕೆ ಎಂದು ತಿಳಿಯುವವರಿಗೆ ಅತ್ಯಂತ ದೊಡ್ಡ ಮೂರ್ತಿಯ ಎದುರೇ ಅತ್ಯಂತ ಚಿಕ್ಕದೊಂದು ಉತ್ತರ. ಇತ್ತ ಎದುರಿನ ಚಿಕ್ಕಬೆಟ್ಟದ ಮೇಲೆ, ಕಾಲಿನ ಕೆಳಭಾಗವೇ ಇಲ್ಲದ, ಭಗ್ನವಾದ ಒಂದು ಮೂರ್ತಿಯನ್ನು ಜನ ಭರತನೆಂದು ಕರೆಯುತ್ತಾರೆ. ಚಕ್ರವರ್ತಿಯಾದ ಅಣ್ಣ ನೆಲದಲ್ಲಿ ಹೂತುಹೋದಂತಿದ್ದಾನೆ, ಎಲ್ಲವನ್ನೂ ಬಿಟ್ಟುಕೊಟ್ಟ ತಮ್ಮ ಆಕಾಶಕ್ಕೆ ಎದ್ದಿದ್ದಾನೆ. ಇದನ್ನು ಯಾರೂ ಯೋಜಿಸಿರಲಾರರು, ಆದರೂ ಎರಡೂ ಬೆಟ್ಟ ಹತ್ತಿದವರು ಈ ಹೋಲಿಕೆಯನ್ನು ಬಿಟ್ಟು ಬರಲಾರರು.

ಕರಾವಳಿಯ ಮೂರು ಉತ್ತರಗಳು

ಇದೇ ನಿಲುವು, ಇದೇ ಬಳ್ಳಿ, ಇದೇ ಹಾವು ಕರಾವಳಿಗೆ ಇಳಿದಾಗ ಏನಾದವು? ಕಾರ್ಕಳದಲ್ಲಿ 1432ರ ಫೆಬ್ರುವರಿ 13ರಂದು ವೀರಪಾಂಡ್ಯ ಭೈರರಸ ಸುಮಾರು 42 ಅಡಿಯ ಮೂರ್ತಿಯನ್ನು ನಿಲ್ಲಿಸಿದ. ಬೇರೆಡೆ ಕೆತ್ತಿ, ಗಾಲಿಗಳ ಬಂಡಿಯ ಮೇಲೆ ಬೆಟ್ಟಕ್ಕೆ ಎಳೆದು ತಂದ ಕಥೆಯನ್ನು 17ನೇ ಶತಮಾನದ ಚಂದ್ರಮ ಕವಿಯ ಕಾವ್ಯ ಹೇಳುತ್ತದೆ. ಈ ಮೂರ್ತಿಯ ಹಿಂಭಾಗಕ್ಕೆ ಕಲ್ಲಿನ ಚಪ್ಪಡಿಯ ಆಸರೆಯಿದೆ. ಬೋಳು ಬಂಡೆಯ ಮೇಲೆ, ಎತ್ತರದ ಜಗತಿಯಲ್ಲಿ, ಸುತ್ತ ಬಯಲನ್ನು ಉಳಿಸಿಕೊಂಡು ನಿಂತಿರುವುದರಿಂದ ಹತ್ತಿರ ಬರುತ್ತಿರುವಾಗಲೂ ಇಡೀ ಆಕೃತಿ ಕಣ್ಣಳತೆಯಲ್ಲೇ ಇರುತ್ತದೆ. ಮೈಕಟ್ಟು ಗಟ್ಟಿಮುಟ್ಟು. ಶ್ರವಣಬೆಳಗೊಳದಲ್ಲಿ ಮುನಿ ಮುಂದಾಗಿ ಕಂಡರೆ ಇಲ್ಲಿ ಮಲ್ಲಯುದ್ಧ ಗೆದ್ದ ದೇಹದ ನೆನಪು ಇನ್ನೂ ಆರಿಲ್ಲ.

ವೇಣೂರಿನಲ್ಲಿ 1604ರಲ್ಲಿ ಅಜಿಲ ಅರಸು ತಿಮ್ಮರಾಜ ನಿಲ್ಲಿಸಿದ 35 ಅಡಿಯ ಮೂರ್ತಿ ಬೆಟ್ಟವನ್ನೇ ಬಿಟ್ಟು ಫಲ್ಗುಣಿ ನದಿಯ ದಡದ ಸಮನೆಲಕ್ಕೆ ಇಳಿಯಿತು. ಕೆನ್ನೆಯಲ್ಲಿ ಗುಳಿ ಬೀಳುವಷ್ಟು ನಗು ಅದರ ಮುಖದಲ್ಲಿದೆ. ಎತ್ತರವೂ ಬೆಟ್ಟವೂ ಕೊಡುತ್ತಿದ್ದ ದೂರ ಕಡಿಮೆಯಾದಾಗ ಮುಖಕ್ಕೆ ಮಾತು ಬಂದಿತು. ಇದು ಅಕ್ಕಪಕ್ಕದ ಮನೆಗಳವರಿಗೆ ದಿನವೂ ಕಾಣುವ ಬಾಹುಬಲಿ. ಕೊನೆಗೆ ನಮ್ಮ ಕಾಲದಲ್ಲಿ, ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿ 1982ರಲ್ಲಿ ಪ್ರತಿಷ್ಠಾಪಿಸಲಾಯಿತು. 20ನೇ ಶತಮಾನದಲ್ಲಿಯೂ ಶಿಲ್ಪಿಯೊಬ್ಬ ಅದೇ ಬಳ್ಳಿಯನ್ನು ಅದೇ ತೋಳಿಗೆ ಹಬ್ಬಿಸಿದ್ದು, ಈ ವಿನ್ಯಾಸ ಇನ್ನೂ ಹಳತಾಗಿಲ್ಲ ಎಂಬುದಕ್ಕೆ ಪ್ರಮಾಣ.

ಗಾತ್ರದ ವಿಷಯ ಬಂದಾಗ ಇನ್ನೊಂದನ್ನು ನೆನೆಯಲೇಬೇಕು. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಶ್ರವಣಬೆಳಗೊಳದಿಂದ ಬಂದ ಕಂಚಿನ ಬಾಹುಬಲಿಯಿದೆ. ದೊಡ್ಡಬೆಟ್ಟದ ಮೂರ್ತಿಗಿಂತ ಹಳೆಯದು, ಎತ್ತರ ಸುಮಾರು 20 ಅಂಗುಲ. ಹಿಂದಕ್ಕೆ ಬಾಚಿದ ಕೂದಲ ಎಳೆಗಳು ಭುಜದ ಮೇಲೆ ಇಳಿದಿವೆ, ಬಳ್ಳಿ ಕಾಲು ತೋಳುಗಳನ್ನು ಸುತ್ತಿದೆ. ಮೇಜಿನ ಮೇಲೆ ಇಡಬಹುದಾದ ಆ ಪ್ರತಿಮೆಯಲ್ಲಿಯೂ ನಿಶ್ಚಲತೆ ಒಂದಿಷ್ಟೂ ಕಡಿಮೆಯಾಗಿಲ್ಲ. ಮಹತ್ತು ಬರುವುದು ಅಡಿ ಅಂಗುಲಗಳಿಂದಲ್ಲ, ಭಾಗಗಳ ಸಂಬಂಧದಿಂದ ಎಂಬುದನ್ನು ಅದು ಸಾರಿ ಹೇಳುತ್ತದೆ.

ಬಣ್ಣ ಬರುವ ಹೊತ್ತು

ಈ ಮೂರ್ತಿಗಳಿಗೆ ಬಣ್ಣವಿಲ್ಲ. ಆದರೆ ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದಲ್ಲಿ ಬಣ್ಣ ಬರುತ್ತದೆ. 1398ರ ಶಾಸನವೊಂದರಲ್ಲೇ ಇದರ ಉಲ್ಲೇಖವಿದೆ. 1981ರಲ್ಲಿ ಸಾವಿರ ವರ್ಷದ ಸಂಭ್ರಮ, ಆಮೇಲೆ 1993, 2006, 2018. ಅಟ್ಟಣಿಗೆಯ ಮೇಲಿನಿಂದ ಕಲಶಗಳು ಬಾಗುತ್ತವೆ. ಹಾಲಿಗೆ ಬೆಳ್ಳಗಾಗುತ್ತಾನೆ, ಅರಿಸಿನಕ್ಕೆ ಹೊನ್ನಾಗುತ್ತಾನೆ, ಕುಂಕುಮಕ್ಕೆ ಕೆಂಪಾಗುತ್ತಾನೆ, ಚಂದನಕ್ಕೆ ಮತ್ತೊಂದು ಬಣ್ಣ. ಪ್ರತಿಯೊಂದೂ ನೆತ್ತಿಯಿಂದ ಪಾದಕ್ಕೆ ಹರಿದು, ಮುಂದಿನ ಕಲಶದ ನೀರಿಗೆ ತೊಳೆದುಹೋಗುತ್ತದೆ.

ಇದನ್ನು ಕಲೆಯ ಕಣ್ಣಿನಿಂದ ನೋಡಿದರೆ ಬಳ್ಳಿಯ ಪಾಠವೇ ಇಲ್ಲಿ ಬೇರೆ ಮಾಧ್ಯಮದಲ್ಲಿ ಮತ್ತೆ ನಡೆಯುತ್ತಿದೆ. ಬಳ್ಳಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರಿತು, ಬಣ್ಣ ಮೇಲಿನಿಂದ ಕೆಳಕ್ಕೆ ಕ್ಷಣದಲ್ಲಿ ಇಳಿಯುತ್ತದೆ. ಎರಡೂ ಅವನ ಮೈಮೇಲೆ ಹಾದುಹೋಗುತ್ತವೆ, ಅವನು ಹಾಗೆಯೇ ಇರುತ್ತಾನೆ. ಆಚರಣೆಯನ್ನು ರೂಪಿಸಿದವರು ಮೂರ್ತಿಯ ಅರ್ಥವನ್ನು ಪೂರ್ತಿ ಅರಗಿಸಿಕೊಂಡಿದ್ದರು.

ಬೊಪ್ಪಣನ ಅಳತೆಗೋಲು

ಕಲೆಯ ತತ್ವಗಳನ್ನು ವಿಚಾರಿಸುವುದು ಪಶ್ಚಿಮದಿಂದ ಬಂದ ಅಭ್ಯಾಸ ಎಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. 12ನೇ ಶತಮಾನದ ಕೊನೆಯ ಭಾಗದಲ್ಲಿ ಬೊಪ್ಪಣ ಪಂಡಿತ ಎಂಬ ಕನ್ನಡ ಕವಿ ಇದೇ ಬೆಟ್ಟದ ಮೇಲಿನ ಶಾಸನಕಾವ್ಯದಲ್ಲಿ ಈ ಮೂರ್ತಿಯನ್ನು ತೂಗಿ ನೋಡಿದ್ದಾನೆ. ಅವನ ವಾದದ ಸಾರ ಹೀಗೆ: ಬಹಳ ಎತ್ತರವಾದದ್ದಕ್ಕೆ ಸಾಮಾನ್ಯವಾಗಿ ಚೆಲುವಿರುವುದಿಲ್ಲ, ಎತ್ತರ ಚೆಲುವು ಎರಡೂ ಇದ್ದಲ್ಲಿ ಅತಿಶಯವಿರುವುದಿಲ್ಲ, ಇಲ್ಲಿ ಮೂರೂ ಕೂಡಿ ಬಂದಿವೆ. ಗಾತ್ರ, ಅಂದ ಮತ್ತು ಅವೆರಡನ್ನೂ ಮೀರಿದ ಇನ್ನೊಂದು. ಇವು ಒಂದನ್ನೊಂದು ಕೆಡಿಸದೆ ಒಟ್ಟಿಗಿರುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿತ್ತು. ಎಂಟುನೂರು ವರ್ಷಗಳ ಹಿಂದಿನ ಈ ಕಲಾವಿಮರ್ಶೆಯನ್ನು ನಮ್ಮ ಕಲಾಶಾಲೆಗಳ ಮೊದಲ ಪಾಠವಾಗಿಸಬಹುದು.

ಡಿಸೆಂಬರ್, ಜನವರಿ ಬಂತೆಂದರೆ ರಾಜ್ಯದ ಎಲ್ಲ ಮೂಲೆಗಳಿಂದ ಶಾಲಾ ಪ್ರವಾಸದ ಬಸ್ಸುಗಳು ಶ್ರವಣಬೆಳಗೊಳಕ್ಕೆ ಬರುತ್ತವೆ. ಮಕ್ಕಳು ಓಡೋಡಿ ಮೆಟ್ಟಿಲು ಹತ್ತುತ್ತಾರೆ, ಎತ್ತರ ಎಷ್ಟು, ಕಟ್ಟಿಸಿದವರು ಯಾರು, ಇಸವಿ ಯಾವುದು ಎಂದು ಬರೆದುಕೊಂಡು ಇಳಿಯುತ್ತಾರೆ. ಮೇಷ್ಟ್ರುಗಳೂ ಟೀಚರುಗಳೂ ದಯವಿಟ್ಟು ಅವರನ್ನು ಇನ್ನೂ ಅರ್ಧ ಗಂಟೆ ಅಲ್ಲಿ ಕೂರಿಸಬೇಕು. ಬಳ್ಳಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಗಿಯುತ್ತದೆ? ಹಾವು ಕಾಲ ಬಳಿಯೇ ಯಾಕಿದೆ? ಹುತ್ತವನ್ನು ಕಡಿದು ತೆಗೆದರೆ ಮೂರ್ತಿಗೇನಾಗುತ್ತದೆ, ಕಥೆಗೇನಾಗುತ್ತದೆ? ಕಾಲನ್ನು ಸ್ವಲ್ಪ ಮುಂದಿಟ್ಟಿದ್ದರೆ ಅವನು ಯಾರಂತೆ ಕಾಣುತ್ತಿದ್ದ? ಉತ್ತರಗಳು ಪಠ್ಯಪುಸ್ತಕದಲ್ಲಿಲ್ಲ, ಎದುರಿಗಿನ ಕಲ್ಲಿನಲ್ಲಿವೆ. ಹತ್ತು ವರ್ಷದ ಮಗುವಿಗೂ ಅವು ಎಟುಕುತ್ತವೆ.

ಒಮ್ಮೆ ಹೀಗೆ ನೋಡಲು ಕಲಿತ ಕಣ್ಣು ಮುಂದೆ ಯಾವ ಗುಡಿಯ ಮುಂದೆ ನಿಂತರೂ, ಯಾವ ಚಿತ್ರ ನೋಡಿದರೂ, ಅಷ್ಟೇ ಏಕೆ, ಪೇಟೆಯ ಜಾಹೀರಾತು ಫಲಕವನ್ನು ಕಂಡರೂ ಅದೇ ಪ್ರಶ್ನೆಗಳನ್ನು ಕೇಳುತ್ತದೆ. ಇದನ್ನು ಇಲ್ಲಿ ಯಾಕಿಟ್ಟರು, ಅದನ್ನು ಯಾಕೆ ಬಿಟ್ಟರು, ನನ್ನ ಕಣ್ಣನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ? ಚಿತ್ರಗಳೇ ಮಾತನಾಡುವ ಈ ಕಾಲದಲ್ಲಿ ಆ ಪ್ರಶ್ನೆಗಳು ಅಕ್ಷರಜ್ಞಾನದಷ್ಟೇ ಅಗತ್ಯ. ಅವನ್ನು ಕಲಿಸುವ ಗುರುಗಳಿಗಾಗಿ ನಾವು ದೂರ ಹೋಗಬೇಕಿಲ್ಲ. ಹಾಸನ ಜಿಲ್ಲೆಯ ಒಂದು ಬೆಟ್ಟ, ಬಾದಾಮಿಯ ಒಂದು ಮೊಗಸಾಲೆ, ವೇಣೂರಿನ ಒಂದು ನದಿದಡ ಎಲ್ಲರಿಗೂ ತೆರೆದಿವೆ.